ಕಳಲೆಯ ಮಗಳ ಜಾಡು ಹಿಡಿದು

ನಂಜನಗೂಡಿನ ಪೇಟೆ ಹಿಂದಾಗಿ ಹೊಲಗಳು ಶುರುವಾದ ಸ್ವಲ್ಪ ಹೊತ್ತಿಗೆ ಕಳಲೆ ಬರುತ್ತದೆ. ಡೇರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಂತ ಹೆಂಗಸರು, ಜಗಲಿಯ ಮೇಲೆ ಎಲೆ ಅಡಿಕೆ ಹರಡಿಕೊಂಡು ಕೂತ ಹಿರಿಯರು, ಹಿತ್ತಿಲ ಕಡೆ ರಾಗಿ ಹುಲ್ಲಿನ ಮೆದೆ, ಶಾಲೆಯ ಗಂಟೆ ಕೇಳಿ ಓಡುವ ಮಕ್ಕಳು. ತಾಲ್ಲೂಕಿನ ಯಾವ ಊರಲ್ಲಾದರೂ ಕಾಣುವ ಬೆಳಗು ಇದು. ಆದರೆ ಲಕ್ಷ್ಮೀಕಾಂತಸ್ವಾಮಿಯ ಗುಡಿಯ ಮುಂದೆ ಬಂದು ನಿಂತರೆ ಮನಸ್ಸು ಬೇರೆ ಲೆಕ್ಕ ಹಾಕತೊಡಗುತ್ತದೆ. ಈ ಗುಡಿ ಊರಿನ ಅಳತೆಗೆ ಕಟ್ಟಿದ್ದಲ್ಲ, ಒಂದು ಮನೆತನದ ಅಳತೆಗೆ ಕಟ್ಟಿದ್ದು.

ಮೈಸೂರಿನ ದಳವಾಯಿಗಳ ಊರು ಕಳಲೆ. ಒಡೆಯರು ಸಿಂಹಾಸನದ ಮೇಲೆ ಕೂತರೆ ದಂಡು, ದುಡ್ಡು ಎರಡನ್ನೂ ಕಳಲೆಯವರು ಹಿಡಿದ ಕಾಲವೊಂದಿತ್ತು. 18ನೇ ಶತಮಾನದಲ್ಲಿ ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಎಂಬ ಅಣ್ಣತಮ್ಮಂದಿರ ಮಾತು ಮೀರಿ ರಾಜ್ಯದಲ್ಲಿ ಏನೂ ನಡೆಯುತ್ತಿರಲಿಲ್ಲ. 1735ರಲ್ಲಿ ದೇವರಾಜಯ್ಯ ನಂಜನಗೂಡಿನ ಬಳಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಎತ್ತಿನ ಗಾಡಿಗೆಂದು ಕಟ್ಟಿದ ಆ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ನಂಜರಾಜಯ್ಯ ತಿರುಚಿನಾಪಳ್ಳಿಯ ಕೋಟೆಗಾಗಿ ವರ್ಷಗಟ್ಟಲೆ ದಂಡು ನಡೆಸಿದವನು. ಶಿವಭಕ್ತಿ ವಿಲಾಸ, ಕಕುದ್ಗಿರಿ ಮಹಾತ್ಮ್ಯದಂಥ ಕನ್ನಡ ಗದ್ಯ ಕೃತಿಗಳಿಗೂ ಅವನದೇ ಹೆಸರು. 1761ರ ಹೊತ್ತಿಗೆ ಅಧಿಕಾರವೆಲ್ಲ ಹೈದರ್ ಅಲಿಯ ಕೈ ಸೇರಿತು. ದಳವಾಯಿಗಳ ಕಾಲ ಅಲ್ಲಿಗೆ ಮುಗಿಯಿತು.

ಇತಿಹಾಸದ ಪುಸ್ತಕಗಳು ಕಳಲೆಯನ್ನು ಸಾಮಾನ್ಯವಾಗಿ ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗುತ್ತವೆ. ನನಗೆ ಬೇಕಾದದ್ದು ಅದರ ಮುಂದಿನ ನೂರು ವರ್ಷ. ಕತ್ತಿ ಕೆಳಗಿಟ್ಟ ಮೇಲೆ ಈ ಊರು ಹೇಗೆ ಬದುಕಿತು? 19ನೇ ಶತಮಾನದ ಕಳಲೆಯ ಒಂದೇ ಒಂದು ಜೀವದ ಜಾಡು ಹಿಡಿದು ಹೊರಟರೆ ಎಲ್ಲಿಗೆ ಮುಟ್ಟಬಹುದು? ಹುಡುಕುತ್ತ ಹೋದವರಿಗೆ ಇಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಸಿಗುವುದು ಒಬ್ಬಳು ಹೆಣ್ಣುಮಗಳು.

1866ರ ಕೂಸು

ಕಳಲೆಯ ಸರದಾರ್ ನರಸರಾಜ ಅರಸರ ಮನೆಯಲ್ಲಿ 1866ರಲ್ಲಿ ಹೆಣ್ಣು ಕೂಸು ಹುಟ್ಟಿತು. ಕೆಂಪನಂಜಮ್ಮಣ್ಣಿ ಎಂದು ಹೆಸರಿಟ್ಟರು. ನಂಜುಂಡೇಶ್ವರನ ಗೋಪುರದ ನೆರಳಿನ ಈ ಸೀಮೆಯಲ್ಲಿ ನಂಜ, ನಂಜಮ್ಮ, ನಂಜುಂಡ, ಕೆಂಪನಂಜ ಎಂಬ ಹೆಸರುಗಳಿಲ್ಲದ ಮನೆ ಸಿಗುವುದು ಕಷ್ಟ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವ ರೂಢಿಯೂ ಉಂಟು. ಹೀಗಾಗಿ ಬರೀ ಹೆಸರು ನಂಬಿ ಹೊರಟರೆ ಒಂದೇ ಕೇರಿಯಲ್ಲಿ ನಾಲ್ಕು ತಲೆಮಾರಿನ ನಾಲ್ಕು ನಂಜಮ್ಮಂದಿರು ಎದುರಾಗುತ್ತಾರೆ. ಹೆಸರಿನ ಜೊತೆಗೆ ಊರು, ತಂದೆ, ಕೊಟ್ಟ ಮನೆ ಇವು ಮೂರೂ ಸಿಕ್ಕಾಗ ಮಾತ್ರ ಒಬ್ಬಳು ನಂಜಮ್ಮ ಉಳಿದವರಿಂದ ಬೇರೆಯಾಗಿ ನಿಲ್ಲುತ್ತಾಳೆ.

ಆಗ ರಾಜ್ಯ ಒಡೆಯರ ಕೈಯಲ್ಲಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತ. ವಯಸ್ಸಾದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಬೆಟ್ಟದಕೋಟೆ ಮನೆತನದ ಪುಟ್ಟ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ಅವನೇ ಮುಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರು. ಸರ್ಕಾರದ ಮೈಸೂರು ಗೆಜೆಟ್ ಅಚ್ಚಾಗಲು ಶುರುವಾದದ್ದೂ 1866ರಲ್ಲೇ. ಸರ್ಕಾರ ತನ್ನ ದಿನಚರಿಯನ್ನು ಅಚ್ಚಿಗೆ ಇಳಿಸಲು ಹೊರಟ ವರ್ಷವೇ ಈ ಮಗಳೂ ಹುಟ್ಟಿದಳು. ಆ ವರ್ಷ ಕಳಲೆಯ ಬೇರೆ ಮನೆಗಳಲ್ಲಿ ಹುಟ್ಟಿದ ಮಕ್ಕಳ ಲೆಕ್ಕವನ್ನು ಇಟ್ಟುಕೊಂಡದ್ದು ಅವರವರ ಸೂಲಗಿತ್ತಿ, ಅವರವರ ಅಜ್ಜಿ.

ಧಾತು, ಈಶ್ವರ

ಆ ತಲೆಮಾರಿನ ಯಾರ ಬದುಕನ್ನು ಹುಡುಕಿದರೂ ದಾಟಲೇಬೇಕಾದ ಎರಡು ವರ್ಷಗಳಿವೆ. ಹಳಬರ ಬಾಯಲ್ಲಿ ಅವು ಇಸವಿಯಾಗಿ ಬರುವುದಿಲ್ಲ. ಧಾತು ಈಶ್ವರ ಸಂವತ್ಸರದ ಬರ ಎಂದು ಬರುತ್ತವೆ. ಅಂದರೆ 1876–77 ಮತ್ತು 1877–78. ಮಳೆ ಮೇಲಿಂದ ಮೇಲೆ ಕೈಕೊಟ್ಟಿತು. ಗುಳಿಯೊಳಗಿನ ರಾಗಿ ಮುಗಿಯಿತು, ದನಕರು ಬಿದ್ದವು, ಊರಿಗೂರೇ ಗಂಜಿಯ ಬಿಡಾರಗಳ ಕಡೆ ನಡೆದವು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣನ್ನು ಹೊತ್ತವರು ಬರಗಾಲದ ಕೂಲಿಗಳು. 1871ರ ಮೊದಲ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕೊರತೆ.

ಹಳೇ ಮೈಸೂರಿನ ಎಷ್ಟೋ ಮನೆಗಳ ವಂಶದ ಕಥೆ ಈ ಬರದ ಗೋಡೆಗೆ ಬಂದು ನಿಂತುಬಿಡುತ್ತದೆ. ‘ನಮ್ಮೋರು ಬರ್ದಲ್ಲಿ ಇಲ್ಲಿಗ್ ಬಂದೋರು’ ಎಂಬ ಒಂದು ಮಾತಿನ ಆಚೆಗೆ ಊರಿನ ಹೆಸರೂ ಇರುವುದಿಲ್ಲ, ಮುತ್ತಜ್ಜನ ಹೆಸರೂ ಇರುವುದಿಲ್ಲ. ಆ ಮಾತನ್ನು ಹಾಗೇ ಬಿಡಬಾರದು. ಯಾವ ದಿಕ್ಕಿನಿಂದ ಬಂದರು, ಮನೆದೇವರು ಎಲ್ಲಿದೆ, ಮುಡಿ ಕೊಡಲು ಯಾವ ಗುಡಿಗೆ ಹೋಗುತ್ತಾರೆ ಎಂದು ಕೇಳಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟವರು ಮನೆದೇವರನ್ನು ಬಿಟ್ಟವರಲ್ಲ. ದೇವರ ಒಕ್ಕಲಿನ ದಾರಿ ಹಿಡಿದರೆ ಬರಕ್ಕೆ ಮುಂಚಿನ ಊರು ಸಿಗುವ ಸಂಭವ ಹೆಚ್ಚು.

ಸಂವತ್ಸರದ ಲೆಕ್ಕವನ್ನೂ ಕಲಿತಿರಬೇಕು. ಅರವತ್ತು ಹೆಸರು ಒಂದು ಸುತ್ತು. ಧಾತು 1876ರಲ್ಲಿ ಬಂದಿತ್ತು, 1936ರಲ್ಲಿ ಬಂತು, 1996ರಲ್ಲಿ ಮತ್ತೆ ಬಂತು. ಅಜ್ಜಿ ಹೇಳಿದ ಸಂವತ್ಸರ ಯಾವ ಸುತ್ತಿನದು ಎಂದು ತಿಳಿಯಲು ಪಕ್ಕದಲ್ಲಿ ಇನ್ನೊಂದು ಗುರುತು ಬೇಕು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ ಅದು. ‘ಅಪ್ಪನ ಮದುವೆ ರೈಲು ಬಂದ ಮೇಲೆ, ಪ್ಲೇಗಿಗೆ ಮುಂಚೆ’ ಎಂದು ಯಾರಾದರೂ ಹೇಳಿದರೆ ಏಳು ವರ್ಷದ ಕಿಟಕಿಯೊಂದು ತೆರೆದಂತೆ. ಆಮೇಲೆ ಸಂವತ್ಸರದ ಹೆಸರು ಅದರೊಳಗೆ ಸರಿಯಾಗಿ ಕೂರುತ್ತದೆ.

ಬರ ಆರಂಭವಾದಾಗ ಕೆಂಪನಂಜಮ್ಮಣ್ಣಿಗೆ ಹತ್ತು ವರ್ಷ. ಈಶ್ವರ ಸಂವತ್ಸರ ಮುಗಿದ ಬೇಸಿಗೆಯಲ್ಲಿ, 1878ರ ಮೇ 26ರಂದು, ಮೈಸೂರಿನಲ್ಲಿ ಚಾಮರಾಜೇಂದ್ರರೊಡನೆ ಅವಳ ಮದುವೆ. ನಾಡಿನ ಆರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಕರಗಿಹೋದ ಆ ಹೊತ್ತಿನಲ್ಲಿ, ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು ಕಪಿಲೆ ದಾಟಿ ಅರಮನೆ ಸೇರಿದಳು. ಊರು ಬಿಟ್ಟವರಲ್ಲಿ ಅವಳೂ ಒಬ್ಬಳು. ಆದರೆ ಅವಳು ಹೋದ ಮನೆಯಲ್ಲಿ ಬರೆದಿಡುವವರಿದ್ದರು.

ಅರಮನೆಯ ಕಾಗದ

ವಂಶದ ದಾಖಲೆಯ ವಿಷಯದಲ್ಲಿ ಮೈಸೂರು ಅರಮನೆಯ ಶ್ರದ್ಧೆ ದೊಡ್ಡದು. ಮುಮ್ಮಡಿಯವರು ತಮ್ಮ ವಂಶವನ್ನು ತಾವರೆಯ ದಳಗಳಲ್ಲಿ ಚಿತ್ರಿಸಿ ಸಂತಾನಾಂಬುಜವೆಂದು ಕರೆದರು. ಚಾಮುಂಡಿಬೆಟ್ಟದ ಗುಡಿಯಲ್ಲಿ ರಾಣಿಯರೊಡನೆ ಕೈಮುಗಿದು ನಿಂತ ಅವರ ಶಿಲ್ಪದ ಪೀಠದಲ್ಲಿ ಹೆಸರುಗಳನ್ನೂ ಕೆತ್ತಿಸಿದ್ದಾರೆ. 1916 ಮತ್ತು 1922ರಲ್ಲಿ ಎರಡು ಭಾಗವಾಗಿ ಅಚ್ಚಾದ ಶ್ರೀಮನ್ಮಹಾರಾಜರವರ ವಂಶಾವಳಿ ರಾಜರ ಜೊತೆಗೆ ರಾಣಿಯರನ್ನೂ ಹೆಸರಿಸುತ್ತದೆ. ಕಳಲೆಯವರಿಗೂ ತಮ್ಮದೇ ಗ್ರಂಥವಿತ್ತು. 1830ರ ಆಸುಪಾಸಿನದೆನ್ನುವ ಕಳಲೆ ಅರಸುಗಳ ವಂಶಾವಳಿಯನ್ನು ಸಿ. ಹಯವದನರಾಯರು ತಮ್ಮ ಮೈಸೂರು ಇತಿಹಾಸದ ಸಂಪುಟಗಳಿಗೆ ಆಧಾರವಾಗಿ ಬಳಸಿಕೊಂಡರು. ಅಧಿಕಾರ ಹೋಗಿ ಎರಡು ತಲೆಮಾರು ಕಳೆದ ಮೇಲೂ ಒಂದು ಮನೆತನ ಕೂತು ತಾನು ಯಾರೆಂದು ಬರೆಸಿತು. ದಂಡು ನಡೆಸಿದ್ದಕ್ಕಿಂತ ಇದು ಸಣ್ಣ ಕೆಲಸವೆಂದು ನನಗೆ ಅನಿಸುವುದಿಲ್ಲ.

ಹೀಗೆ ಕಳಲೆಯ ಮಗಳ ಮುಂದಿನ ಬದುಕು ವರ್ಷವರ್ಷಕ್ಕೂ ಸಿಗುತ್ತದೆ. 1881ರ ಮಾರ್ಚ್ 25ರಂದು ರಾಜ್ಯ ಮರಳಿ ಗಂಡನ ಕೈಗೆ ಬಂತು. 1884ರಲ್ಲಿ ಮಗ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರಾದವರು, ಹುಟ್ಟಿದರು. 1894ರ ಡಿಸೆಂಬರ್ 28ರಂದು ದೂರದ ಕಲ್ಕತ್ತೆಯಲ್ಲಿ ಗಂಡ ಗಂಟಲುಮಾರಿಯಿಂದ ತೀರಿಕೊಂಡರು. ಇಪ್ಪತ್ತೆಂಟರ ವಿಧವೆ, ಹತ್ತು ವರ್ಷದ ಪಟ್ಟದ ಮಗ. ಆ ಕಾಲದ ಹೆಣ್ಣಿಗೆ ಬದುಕು ಮುಚ್ಚಿಹೋಯಿತೆಂದು ಊರೆಲ್ಲ ತೀರ್ಮಾನಿಸುವ ಗಳಿಗೆಯಲ್ಲಿ ಅವಳ ಕೈಗೆ ಒಂದು ರಾಜ್ಯ ಬಂತು. ವಾಣೀವಿಲಾಸ ಸನ್ನಿಧಾನದವರೆಂಬ ಬಿರುದಿನಲ್ಲಿ ರೀಜೆಂಟರಾಗಿ, 1902ರ ಆಗಸ್ಟ್ 8ರಂದು ಮಗನಿಗೆ ಅಧಿಕಾರ ಒಪ್ಪಿಸುವವರೆಗೆ, ಮೈಸೂರನ್ನು ನಡೆಸಿದರು.

ಆ ಏಳು ವರ್ಷ ಸುಲಭದವಲ್ಲ. 1897ರ ಫೆಬ್ರವರಿಯಲ್ಲಿ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆಯ ಸಡಗರದಲ್ಲೇ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಪ್ಲೇಗು. ಆದರೂ ಹಿರಿಯೂರಿನ ಬಳಿ ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಏಳತೊಡಗಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ವಾಸ್ತುಶಿಲ್ಪಿ ಇರ್ವಿನ್ನರ ನಕ್ಷೆಯ ಹೊಸ ಅರಮನೆಗೆ ಕೆಲಸ ಶುರುವಾಯಿತು. 1907ರಲ್ಲಿ ಮುಗಿದ ಮಾರಿಕಣಿವೆ ಕೆರೆಗೆ ವಾಣಿವಿಲಾಸ ಸಾಗರವೆಂದು ಹೆಸರಾಯಿತು. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಬಾಗಿನ ಬಿಡಲು ಸೇರಿದ್ದ ಜನರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕಳಲೆಯ ಹುಡುಗಿ ಗೊತ್ತಿದ್ದಳು? ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಇಂದಿಗೂ ದಿನಾ ಹೆರಿಗೆಯಾಗುತ್ತದೆ. ಅಲ್ಲಿ ಮಗುವನ್ನು ಎತ್ತಿಕೊಳ್ಳುವ ತಾಯಂದಿರಿಗೂ ಈ ಊರಿಗೂ ನಂಟಿದೆ.

ಇನ್ನೊಂದು ನಂಟನ್ನು ಹೇಳದೆ ಮುಂದೆ ಹೋಗಲಾರೆ. ಜಯಲಕ್ಷ್ಮಮ್ಮಣ್ಣಿ ಮದುವೆಯಾದದ್ದು ಸೋದರಮಾವ ಎಂ. ಕಾಂತರಾಜ ಅರಸರನ್ನು, ಅಂದರೆ ಕೆಂಪನಂಜಮ್ಮಣ್ಣಿಯವರ ತಮ್ಮನನ್ನು. ಅರಮನೆಗೆ ಹೋದ ಹೆಣ್ಣು ತನ್ನ ಹೆಣ್ಣನ್ನು ತವರಿಗೆ ಕೊಟ್ಟಳು. ಆ ಕಾಂತರಾಜ ಅರಸರು 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಕತ್ತಿಯ ಬಲದಿಂದ ಬಂದು ಹೋಗಿದ್ದ ಅಧಿಕಾರ ಹೆಣ್ಣುಮಕ್ಕಳ ದಾರಿಯಲ್ಲಿ ಕಳಲೆಗೆ ಮತ್ತೆ ಬಂತು. 1934ರಲ್ಲಿ ತೀರಿಕೊಂಡ ಕೆಂಪನಂಜಮ್ಮಣ್ಣಿಯವರ ಕಿರಿಯ ಮಗನ ಮಗನೇ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು.

ಊರಿನ ಕಡತ, ಹೆಳವನ ಹೊತ್ತಿಗೆ

ಅರಸು ಮನೆತನದ ಮಗಳಿಗೆ ವಂಶಾವಳಿ ಇತ್ತು, ಸರಿ. ಅದೇ 1866ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಒಕ್ಕಲು ಮನೆಯ, ಕುಂಬಾರನ, ಮಡಿವಾಳನ, ಹೊಲಗೇರಿಯ ಕೂಸಿನ ಗತಿ? ಅವರ ಮರಿಮಕ್ಕಳು ಇವತ್ತು ಹುಡುಕಲು ಹೊರಟರೆ ಏನು ಸಿಗುತ್ತದೆ?

ಹೋಲಿಕೆಗೆ ಬೇರೆ ಕಡೆ ಒಮ್ಮೆ ನೋಡೋಣ. ಅಮೆರಿಕದ ಒಹಾಯೊ, ಅಯೋವ ಸೀಮೆಯವರಿಗೆ ಈ ಹುಡುಕಾಟ ದೊಡ್ಡ ಹವ್ಯಾಸ. ಅಲ್ಲಿ 1850ರ ಗಣತಿಯಿಂದ ಮನೆಯ ಪ್ರತಿಯೊಬ್ಬರ ಹೆಸರೂ ಹಾಳೆಯ ಮೇಲಿದೆ. ಚರ್ಚಿನ ದೀಕ್ಷಾಸ್ನಾನದ ದಾಖಲೆ ಇದೆ, 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸಿಕ್ಕ ಜಮೀನಿನ ಕಾಗದ ಇದೆ, ಗೋರಿಯ ಕಲ್ಲಿದೆ. ಅವರಿಗೂ ಕಂದಕಗಳಿವೆ. 1890ರ ಗಣತಿಯ ಹಾಳೆಗಳಲ್ಲಿ ಬಹುಪಾಲು 1921ರ ಬೆಂಕಿ ಅವಘಡದಲ್ಲಿ ಹಾಳಾದವು. 1850ಕ್ಕೆ ಮುಂಚಿನ ಗಣತಿಗಳಲ್ಲಿ ಯಜಮಾನನಿಗೆ ಮಾತ್ರ ಹೆಸರು. ಹೆಂಡತಿ, ಮಗಳು ಬರೀ ಸಂಖ್ಯೆ. ಹೆಣ್ಣಿನ ಹೆಸರು ಬಿಟ್ಟುಹೋಗುವ ಕಥೆ ಎಲ್ಲ ಸೀಮೆಗಳಲ್ಲೂ ಒಂದೇ.

ನಮ್ಮಲ್ಲಿ 1871ರ ಗಣತಿ ಊರನ್ನು ಎಣಿಸಿತು, ಜಾತಿಯನ್ನು ಎಣಿಸಿತು. ನಮಗೆ ಉಳಿದದ್ದು ಮೊತ್ತಗಳು. ಹೆಸರುಗಳು ಬೇರೆ ಕಡೆ ಇವೆ. ಭೂಮಿಯಲ್ಲಿ ಮೊದಲು ನೋಡಬೇಕು. ಮೈಸೂರಿನಲ್ಲಿ 1863ರ ಹೊತ್ತಿಗೆ ಕಂದಾಯ ಸರ್ವೆ ಶುರುವಾಯಿತು, ಇನಾಂ ಜಮೀನಿನ ತನಿಖೆಯೂ ಆಯಿತು. ಸರ್ವೆ ನಂಬರು, ಅದರ ಹಿಡುವಳಿದಾರ, ಚಕ್ಕುಬಂದಿ ಇವು ಒಂದು ಮನೆಯನ್ನು ನೆಲಕ್ಕೆ ಕಟ್ಟಿ ನಿಲ್ಲಿಸುತ್ತವೆ. ಪಕ್ಕದ ಹೊಲದವನ ಹೆಸರನ್ನೂ ಬರೆದುಕೊಳ್ಳಬೇಕು. ಎಷ್ಟೋ ಸಲ ಅವನು ದಾಯಾದಿಯಾಗಿರುತ್ತಾನೆ, ಇಲ್ಲವೇ ಬೀಗ. ಶಾನುಭೋಗರ ಮನೆಗಳಲ್ಲಿ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಮಡಿಸಿ, ಬಳಪದಲ್ಲಿ ಬರೆದ ಕರಿ ಹೊತ್ತಿಗೆಗಳು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ರದ್ದಾದ ಮೇಲೆ ಅಟ್ಟದ ಮೇಲೆ ಉಳಿದ ಕಡತಗಳಿಗೆ ಕೇಳುವವರಿಲ್ಲವಾಯಿತು. ಹಳೇ ಮನೆ ಕೆಡವುವ ಮುಂಚೆ ಅಟ್ಟ ಹತ್ತಿ ನೋಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಕಲ್ಲಿನ ಮೇಲಿನ ಹೆಸರುಗಳಿಗೆ ಬಿ.ಎಲ್. ರೈಸರ ಎಪಿಗ್ರಾಫಿಯ ಕರ್ನಾಟಿಕದ ಮೂರನೇ ಸಂಪುಟ 1894ರಲ್ಲೇ ಬಂತು. ನಂಜನಗೂಡು, ತಿರುಮಕೂಡಲು ನರಸೀಪುರದ ಶಾಸನಗಳು ಅದರಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿ 1970ರ ದಶಕದಲ್ಲಿ ಬಂತು. ಗುಡಿಗೆ ದೀಪದೆಣ್ಣೆ ಬಿಟ್ಟವನು, ಗಂಟೆ ಕೊಟ್ಟವಳು, ಕೆರೆ ಕಟ್ಟಿಸಿದವನು, ಹೀಗೆ ಸಾಮಾನ್ಯರೂ ಕಲ್ಲಿನಲ್ಲಿ ಸಿಗುವುದುಂಟು.

ಆಮೇಲೆ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆ ಮುಂದೆ ನಿಂತು ಆ ಮನೆತನದ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು ಹೇಳುವವರು. ಒಕ್ಕಲಿಗ, ಲಿಂಗಾಯತ, ಕುರುಬ ಮನೆಗಳ ಮೂಲ ಊರು, ಬೆಡಗು, ಮನೆದೇವರು, ಯಾರು ಯಾವಾಗ ಎಲ್ಲಿಗೆ ವಲಸೆ ಹೋದರು ಎಂಬುದೆಲ್ಲ ಅವರ ಬಾಯಲ್ಲಿ, ಅವರ ಹೊತ್ತಿಗೆಯಲ್ಲಿ. ತಾಳೆಗರಿಯಿಂದ ಕಾಗದಕ್ಕೆ ತಲೆಮಾರಿನಿಂದ ತಲೆಮಾರಿಗೆ ಎತ್ತಿ ಬರೆದುಕೊಂಡು ಬಂದ ಆ ಪುಸ್ತಕಗಳಿಗೆ ಸಮನಾದ ದಾಖಲೆ ಸರ್ಕಾರದ ಬಳಿ ಇಲ್ಲ. ಒಂದು ಸೇರು ಕಾಳು, ಒಂದು ಪಂಚೆ ಪಡೆದು ಅವರು ಕಾಪಾಡಿದ್ದು ನಾಡಿನ ಬೇರನ್ನು. ಅವರ ಮಕ್ಕಳು ಬೇರೆ ಕಸುಬು ಹಿಡಿಯುತ್ತಿರುವ ಈ ದಿನಗಳಲ್ಲಿ, ಮನೆಗೆ ಬಂದ ಹೆಳವನನ್ನು ಹೊಸ್ತಿಲಿನಿಂದಲೇ ಕಳಿಸಬಾರದು. ಕೂರಿಸಿ ಪೂರ್ತಿ ಕೇಳಬೇಕು, ಅವನು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು.

ಹೆಣ್ಣಿನ ದಾರಿ

ಇಷ್ಟು ಹುಡುಕಿದ ಮೇಲೂ ಒಂದು ಕೊರತೆ ಎದ್ದು ಕಾಣುತ್ತದೆ. ಹೆಳವನ ಹೊತ್ತಿಗೆಯಲ್ಲಿ ಗಂಡು ಸಂತಾನದ ಸಾಲೇ ಮುಖ್ಯ. ಸರ್ವೆ ದಾಖಲೆಯಲ್ಲಿ ಹಿಡುವಳಿದಾರ ಗಂಡು. ಮನೆಯವರು ನೆನಪಿನಿಂದ ಹೇಳುವಾಗಲೂ ಮುತ್ತಾತ, ತಾತ, ಅಪ್ಪ ಎಂದೇ ಹೇಳುತ್ತಾರೆ. ಮುತ್ತಜ್ಜಿಯ ಹೆಸರು ಕೇಳಿದರೆ ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಕಳಲೆ ನನಗೆ ತೋರಿಸಿದ್ದು ಈ ಅಭ್ಯಾಸದ ಉಲ್ಟಾ ದಾರಿ. ಈ ಊರಿನ 19ನೇ ಶತಮಾನ ಬೆಳಕಿಗೆ ಬರುವುದು ಊರಲ್ಲೇ ಉಳಿದ ಗಂಡುಮಕ್ಕಳಿಂದ ಅಲ್ಲ, ಊರು ಬಿಟ್ಟು ಹೋದ ಮಗಳಿಂದ. ಅವಳು ಹೋದ ಮನೆಯ ಕಾಗದದಲ್ಲಿ ತವರಿನ ಹೆಸರು ಉಳಿಯಿತು. ಇದು ರಾಣಿಗೆ ಮಾತ್ರ ಸಲ್ಲುವ ಮಾತಲ್ಲ. ಮದುವೆಯಾಗಿ ಹತ್ತು ಮೈಲಿ ಆಚೆ ಹೋದ ಪ್ರತಿ ಹೆಣ್ಣೂ ತವರಿನ ಹೆಸರನ್ನು ಅಲ್ಲಿ ನೆಟ್ಟಿರುತ್ತಾಳೆ. ‘ಕಳಲೆಯವಳು’, ‘ಹೆಡತಲೆಯವಳು’, ‘ಹುಲ್ಲಹಳ್ಳಿಯವಳು’ ಎಂದೇ ಅತ್ತೆ ಮನೆಯವರು ಕರೆದಿರುತ್ತಾರೆ. ಬಳುವಳಿಯಾಗಿ ಕೊಟ್ಟ ಕೊಳಗ, ತಂಬಿಗೆಗಳ ಮೇಲೆ ಹೆಸರು ಕೊರೆಸುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಹಳೇ ಪಾತ್ರೆಯನ್ನು ತೂಕಕ್ಕೆ ಹಾಕುವ ಮುಂಚೆ ಅದರ ಕಂಠವನ್ನು ಉಜ್ಜಿ ನೋಡಿ. ತರ್ಪಣ ಬಿಡುವ ಮನೆಗಳಲ್ಲಿ ಅಪ್ಪ, ಅಜ್ಜ, ಮುತ್ತಜ್ಜನ ಜೊತೆ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರೂ, ತಾಯಿಯ ತವರಿನವರ ಹೆಸರೂ ಬರುತ್ತವೆ. ಪುರೋಹಿತರ ಬಾಯಿಂದ ಒಮ್ಮೆ ಬರೆಸಿಕೊಂಡರೆ ಮೂರು ತಲೆಮಾರು ಕೈಗೆ ಬಂತು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಗಳಲ್ಲಿ ಯಾರ ಹೆಸರಿಗೆ ಸೀರೆ ಇಡುತ್ತಾರೆ ಎಂದು ಕೇಳಬೇಕು. ಮನೆಯೊಳಗೆ ಸಿಗದ ಮುತ್ತಜ್ಜಿಯನ್ನು ಅವಳ ತವರಿನಲ್ಲಿ, ಅವಳ ಅಣ್ಣತಮ್ಮಂದಿರ ಮರಿಮಕ್ಕಳ ಬಾಯಲ್ಲಿ ಹುಡುಕಬೇಕು.

ಕಾನೂನು ಈಗ ಈ ದಾರಿಯನ್ನು ತೆರೆದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲೆಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಇವತ್ತು ಪೌತಿ ಖಾತೆಗೆಂದು ಗ್ರಾಮ ಆಡಳಿತ ಅಧಿಕಾರಿಯ ಮುಂದೆ ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಡುವಂತಿಲ್ಲ. ನೂರು ವರ್ಷ ಕಳೆದ ಮೇಲೆ ನಮ್ಮ ಜಾಡು ಹಿಡಿದು ಬರುವವರಿಗೆ ಈ ತಲೆಮಾರಿನ ಹೆಣ್ಣುಮಕ್ಕಳು ಏನಿಲ್ಲವೆಂದರೂ ಸಿಗುತ್ತಾರೆ. ಆದರೆ ಅವರು ಬರೀ ಪಾಲಿನ ಲೆಕ್ಕದಲ್ಲಿ ಸಿಕ್ಕರೆ ಸಾಲದು. ಈ ತಲೆಮಾರಿಗೆ ಮುಂಚಿನವರನ್ನು, ಧಾತು ಈಶ್ವರ ದಾಟಿ ಬಂದು ನಮ್ಮನ್ನು ಇಲ್ಲಿಯವರೆಗೆ ಮುಟ್ಟಿಸಿದ ಹೆಂಗಸರನ್ನು, ಯಾವ ಕಾನೂನೂ ಬರೆಸುವುದಿಲ್ಲ. ಅದು ಮನೆಯವರು ಮಾಡಬೇಕಾದ ಕೆಲಸ. ಒಂದು ನೋಟ್‌ಬುಕ್ ತೆಗೆದು ಅಜ್ಜಿಯ ಹೆಸರು, ಅವಳ ಅಮ್ಮನ ಹೆಸರು, ಯಾವ ಊರಿಂದ ತಂದರು, ಯಾವ ಊರಿಗೆ ಕೊಟ್ಟರು ಎಂದು ಬರೆಯಲು ಶುರುಮಾಡಿದರೆ ಸಾಕು. ಗೊತ್ತಿರುವವರು ಮನೆಯಲ್ಲಿ ಇನ್ನೂ ಇದ್ದಾರೆ. ಕೇಳುವವರು ನಾವಾಗಬೇಕು, ಈ ವರ್ಷವೇ.